ಸಂಜೆ ನಾಲ್ಕಾದರೆ ತಲೆ ಓಡಲ್ಲ: ಟೀಮ್ ನಡೆಸುವವರು ದಿನದ ನಿರ್ಧಾರಗಳನ್ನು ಹೇಗೆ ಸಂಭಾಳಿಸುತ್ತೀರಿ?

ಬನಶಂಕರಿ_ಬಸ್

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಔಟರ್ ರಿಂಗ್ ರೋಡಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಎಂಜಿನಿಯರಿಂಗ್ ಮ್ಯಾನೇಜರ್ ಆಗಿದ್ದೇನೆ. ಮೊದಲು ಒಂದೇ ಟೀಮ್ ಇತ್ತು, ಈಗ ಎರಡು. ಕೆಲಸ ಜಾಸ್ತಿ ಅಂತ ದೂರುತ್ತಿಲ್ಲ. ಕೋಡ್ ಬರೆಯುವ ಕಾಲದಲ್ಲಿ ಇದಕ್ಕಿಂತ ಜಾಸ್ತಿ ಹೊತ್ತು ಕೂತಿದ್ದೇನೆ, ಆಗ ಈ ತರದ ಸುಸ್ತು ಇರಲಿಲ್ಲ.

ಈಗ ದಿನವಿಡೀ ನಾನು ಮಾಡುವುದು ಒಂದೇ ಕೆಲಸ, ಹೂಂ ಅಥವಾ ಉಹೂಂ ಅನ್ನುವುದು. ಬೆಳಿಗ್ಗೆ ಲ್ಯಾಪ್‌ಟಾಪ್ ತೆಗೆದರೆ ರಜೆ ಅರ್ಜಿ, ರಾತ್ರಿ ಕ್ಯಾಬ್ ಅಪ್ರೂವಲ್, ಒಬ್ಬನಿಗೆ ಇನ್ನೊಂದು ಮಾನಿಟರ್ ಬೇಕು, ಒಬ್ಬಳಿಗೆ ಕ್ಲೌಡ್ ಅಕೌಂಟ್‌ಗೆ ಪರ್ಮಿಷನ್ ಬೇಕು. ಅಷ್ಟರಲ್ಲಿ ಇಬ್ಬರು ಸೀನಿಯರ್‌ಗಳು ಒಂದು ಪುಲ್ ರಿಕ್ವೆಸ್ಟ್ (ಬರೆದ ಕೋಡನ್ನು ಮುಖ್ಯ ಕೋಡಿಗೆ ಸೇರಿಸಿ ಅನ್ನೋ ಕೋರಿಕೆ) ಮೇಲೆ ಜಟಾಪಟಿ ಮಾಡಿಕೊಂಡು "ನೀವೇ ಹೇಳಿ" ಅಂತ ನನ್ನನ್ನು ಎಳೆದಿರುತ್ತಾರೆ. ಮಧ್ಯಾಹ್ನ ಇಂಟರ್‌ವ್ಯೂ, ತಗೊಳ್ಳೋಣವಾ ಬೇಡವಾ. ಮೂರೂವರೆಗೆ ಸಪೋರ್ಟ್‌ನವರು ಬರುತ್ತಾರೆ: ಒಬ್ಬ ಕಸ್ಟಮರ್‌ಗೆ ಎರಡು ಸಲ ಬಿಲ್ ಆಗಿದೆ, ಎಂಟುನೂರು ಚಿಲ್ಲರೆ ರೂಪಾಯಿ, ವಾಪಸ್ ಕೊಡಬಹುದಾ? ಇದನ್ನ ನನ್ನ ಹತ್ತಿರ ಯಾಕೆ ತಂದಿರಿ ಅಂತ ಕೇಳುವಷ್ಟೂ ತ್ರಾಣ ಇರುವುದಿಲ್ಲ, ಹೂಂ ಅಂದುಬಿಡುತ್ತೇನೆ.

ಕಷ್ಟ ಇರುವುದು ಆಮೇಲೆ. ರಿಲೀಸ್ (ಸಾಫ್ಟ್‌ವೇರಿನ ಹೊಸ ಆವೃತ್ತಿ) ತಡೀಬೇಕಾ ಬಿಡಬೇಕಾ ಅನ್ನೋ ತರದ ನಿಜವಾದ ಪ್ರಶ್ನೆಗಳು ಬರುವುದೇ ನಾಲ್ಕರ ಮೇಲೆ. ಆಗ ಯಾರು ಜೋರಾಗಿ ಮಾತಾಡುತ್ತಾರೋ ಅವರಿಗೆ ಹೂಂ ಅಂತೀನಿ, ಇಲ್ಲ ನಾಳೆಗೆ ತಳ್ಳುತ್ತೇನೆ, ಇಲ್ಲ ಸಿಡುಕುತ್ತೇನೆ. ರಾತ್ರಿ ಒಂಬತ್ತೂವರೆಗೆ ಅಮೆರಿಕದವರ ಕಾಲ್ ಬೇರೆ, ಅಲ್ಲಿ ತಾರೀಖು ಕೇಳುತ್ತಾರೆ.

ಇಲ್ಲಿ ಐಟಿ ಬಿಟ್ಟು ಬೇರೆ ಕಡೆ ಜನ ನಡೆಸುವವರೂ ಇದ್ದೀರಿ ಅಂತ ಗೊತ್ತು. ನೀವೇನು ಮಾಡುತ್ತೀರಿ? ಧ್ಯಾನ ಮಾಡಿ, ಬೆಳಿಗ್ಗೆ ಐದಕ್ಕೆ ಏಳಿ ಅನ್ನೋದು ಬಿಟ್ಟು ಬೇರೇನಾದರೂ ಇದ್ದರೆ ಹೇಳಿ.

ಟೀ_ಬ್ರೇಕ್

ಒಬಾಮ 2012ರಲ್ಲಿ ಒಂದು ಸಂದರ್ಶನದಲ್ಲಿ ಹೇಳಿದ್ದರಲ್ಲ, ಬೂದು ಇಲ್ಲ ನೀಲಿ ಸೂಟ್ ಅಷ್ಟೇ ಹಾಕೋದು, ಊಟ ಬಟ್ಟೆ ಬಗ್ಗೆಯೆಲ್ಲ ಯೋಚಿಸಲ್ಲ, ಯೋಚಿಸೋಕೆ ಬೇರೆ ಬೇಕಾದಷ್ಟಿದೆ ಅಂತ. ನೀವೂ ಒಂದೇ ಬಣ್ಣದ ಟೀ ಶರ್ಟ್ ಒಂದು ಡಜನ್ ತಗೊಳ್ಳಿ ಗುರು, ಮುಗೀತು.

ಪೀಣ್ಯ_ಫ್ಲೋರ್

ನಮ್ಮ ಗಾರ್ಮೆಂಟ್ಸ್‌ನಲ್ಲಿ ಎಲ್ಲರಿಗೂ ಒಂದೇ ಬಣ್ಣದ ಏಪ್ರನ್ ಇದೆ ಸರ್. ಅದರಿಂದ ಯಾರ ಸುಸ್ತೂ ಕಡಿಮೆ ಆಗಿದ್ದು ನಾನಂತೂ ನೋಡಿಲ್ಲ 😄

ನಾನು ಫ್ಲೋರ್ ಇನ್‌ಚಾರ್ಜ್. ಟೈಲರ್ ಆಗಿ ಸೇರಿ, ಲೈನ್ ಸೂಪರ್‌ವೈಸರ್ ಆಗಿ, ಆಮೇಲೆ ಇಲ್ಲಿಗೆ ಬಂದವಳು. ಬನಶಂಕರಿ ಸರ್ ಬರೆದಿದ್ದು ಓದಿ ನಮ್ಮ ಫ್ಲೋರಿನ ಕಥೆಯೇ ಅನ್ನಿಸಿತು, ಅದಕ್ಕೆ ಒಂದು ವಿಷಯ ಪೂರ್ತಿ ಹೇಳುತ್ತೇನೆ.

ಬಟ್ಟೆ ರೋಲ್‌ಗಳು ಒಂದೇ ಬಣ್ಣ ಅಂತ ಬಂದರೂ ಡೈಯಿಂಗ್ ಲಾಟ್, ಅಂದರೆ ಬಣ್ಣ ಹಾಕಿದ ಸರದಿ, ಬೇರೆ ಆದರೆ ಶೇಡ್ ವ್ಯತ್ಯಾಸ ಇರುತ್ತದೆ. ಶರ್ಟಿನ ಕಾಲರ್ ಒಂದು ನೀಲಿ, ಬಾಡಿ ಇನ್ನೊಂದು ನೀಲಿ ಆಯಿತು ಅಂದರೆ ಪೀಸ್ ರಿಜೆಕ್ಟ್. ಹಾಗಾಗಿ ಅನುಮಾನ ಬಂದ ಬಂಡಲ್ ಎಲ್ಲಾ ಹಿಡಿದುಕೊಂಡು ಸೂಪರ್‌ವೈಸರ್‌ಗಳು ನನ್ನ ಹತ್ತಿರ ಓಡಿ ಬರುತ್ತಿದ್ದರು. "ಅಕ್ಕಾ, ಇದು ಓಕೆನಾ?" ಬೆಳಿಗ್ಗೆ ಕಿಟಕಿ ಹತ್ತಿರ ತಗೊಂಡು ಹೋಗಿ, ಎರಡು ಪ್ಯಾನೆಲ್ ಪಕ್ಕಪಕ್ಕ ಇಟ್ಟು ನೋಡಿ ಹೇಳುತ್ತಿದ್ದೆ. ಸಂಜೆ ಟ್ಯೂಬ್‌ಲೈಟ್ ಕೆಳಗೆ ಎಲ್ಲಾ ನೀಲಿಯೂ ಒಂದೇ. ಕಣ್ಣೂ ಸೋತಿರುತ್ತದೆ, ಅವತ್ತಿನ ಟಾರ್ಗೆಟ್‌ಗೆ ಇನ್ನೂ ಪೀಸ್ ಬಾಕಿ ಇರುತ್ತದೆ, ಹಾಗಾಗಿ ಬಾಯಲ್ಲಿ "ಓಕೆ" ಅಂತಲೇ ಬರುತ್ತದೆ. ಇದು ನನ್ನೊಬ್ಬಳ ಕಥೆ ಅಲ್ಲ, ಎಲ್ಲ ಫ್ಲೋರಿನಲ್ಲೂ ಹೀಗೇ.

ಈಗ ಪ್ರತಿ ಲೈನಿನ ಮುಂದೆ ಬೈಯರ್ ಒಪ್ಪಿದ ಶೇಡ್ ಬ್ಯಾಂಡ್ ನೇತುಹಾಕಿದ್ದೇವೆ. ಎಲ್ಲಕ್ಕಿಂತ ತಿಳಿ ಇಷ್ಟು, ಎಲ್ಲಕ್ಕಿಂತ ಗಾಢ ಇಷ್ಟು. ಆ ಎರಡರ ಮಧ್ಯೆ ಇದ್ದರೆ ಹೊಲಿ, ಯಾರನ್ನೂ ಕೇಳಬೇಡ. ಹೊರಗೆ ಹೋದರೆ ಕೆಂಪು ಡಬ್ಬಕ್ಕೆ ಹಾಕು. ಆ ಡಬ್ಬವನ್ನು ನಾನೂ ಗುಣಮಟ್ಟ ನೋಡುವ ಕ್ಯೂಸಿಯವರೂ 11 ಗಂಟೆಗೆ ಒಮ್ಮೆ, 3ಕ್ಕೆ ಒಮ್ಮೆ ಬಣ್ಣ ಸರಿಯಾಗಿ ಕಾಣುವ ಬೆಳಕಿನ ಲೈಟ್ ಬಾಕ್ಸ್‌ನಲ್ಲಿ ಇಟ್ಟು ನೋಡುತ್ತೇವೆ. ಮಧ್ಯೆ ಬಂದು ಕೇಳಿದರೆ ನಾನು ತಲೆ ಎತ್ತುವುದೂ ಇಲ್ಲ, "ಡಬ್ಬಕ್ಕೆ ಹಾಕು" ಅಂತೀನಿ ಅಷ್ಟೇ. ಮೊದಮೊದಲು ಡಬ್ಬ ತುಂಬಿ ತುಳುಕುತ್ತಿತ್ತು. ಈಗ ತಳ ಕಾಣುತ್ತದೆ, ಯಾಕಂದರೆ ಹುಡುಗಿಯರಿಗೆ ಕಣ್ಣು ಪಳಗಿದೆ.

ಸೋಮವಾರ, ಹಬ್ಬದ ಮಾರನೇ ದಿನ ಆಬ್ಸೆಂಟ್ ಜಾಸ್ತಿ. ಯಾರನ್ನ ಯಾವ ಮಿಷಿನ್‌ಗೆ ಕೂರಿಸೋದು ಅಂತ ಬೆಳಿಗ್ಗೆ ಬೆಳಿಗ್ಗೆಯೇ ತಲೆ ಕೆಡುತ್ತಿತ್ತು. ಅದಕ್ಕೂ ಒಂದು ಬೋರ್ಡ್: ಯಾರಿಗೆ ಕಾಲರ್ ಬರುತ್ತದೆ, ಯಾರಿಗೆ ಕಫ್, ಯಾರಿಗೆ ಓವರ್‌ಲಾಕ್, ಎಲ್ಲಾ ಟಿಕ್ ಹಾಕಿಟ್ಟಿದ್ದೇವೆ. ಸೂಪರ್‌ವೈಸರ್ ಅದನ್ನ ನೋಡಿ ಕೂರಿಸುತ್ತಾಳೆ. ನಾನು ಬರುವಷ್ಟರಲ್ಲಿ ಲೈನ್ ಓಡುತ್ತಿರುತ್ತದೆ.

ಅಂಕಿಅಂಶ_ಅಣ್ಣ

ಇದರ ವಿಜ್ಞಾನದ ಬಗ್ಗೆ ಸ್ವಲ್ಪ ಹೇಳಬಹುದಾ? ಜನ ಎಲ್ಲಾ ಕಡೆ ಹೇಳುವ ಕಥೆ ಒಂದು, ನಿಜಾಂಶ ಇನ್ನೊಂದು.

ಮನಸ್ಸಿನ ಹಿಡಿತಕ್ಕೆ ಒಂದು ಮಿತಿ ಇದೆ, ಬಳಸಿದಷ್ಟೂ ಖಾಲಿಯಾಗುತ್ತದೆ ಅನ್ನೋ ಮಾತು ಜೋರಾಗಿದ್ದು 1998ರಲ್ಲಿ, ರಾಯ್ ಬಾಮೈಸ್ಟರ್ ತಂಡದ ಪ್ರಯೋಗದಿಂದ. ಎದುರಿಗೆ ಬಿಸಿ ಕುಕೀಸ್ ಇಟ್ಟು ಮೂಲಂಗಿ ಮಾತ್ರ ತಿನ್ನಿ ಅಂದರು. ಆಸೆ ತಡೆದುಕೊಂಡವರು ಆಮೇಲೆ ಕೊಟ್ಟ ಬಿಡಿಸಲಾಗದ ಒಗಟನ್ನು ಬೇಗ ಕೈಬಿಟ್ಟರು. 2016ರಲ್ಲಿ 23 ಲ್ಯಾಬ್‌ಗಳು ಸೇರಿ, ಎರಡು ಸಾವಿರಕ್ಕೂ ಜಾಸ್ತಿ ಜನರ ಮೇಲೆ ಇದೇ ವಿಚಾರವನ್ನು ಬೇರೆ ತರದ ಪರೀಕ್ಷೆಯಲ್ಲಿ ನೋಡಿದಾಗ ಪರಿಣಾಮ ಹೆಚ್ಚುಕಮ್ಮಿ ಸೊನ್ನೆ.

ಇನ್ನೊಂದು ಇಸ್ರೇಲಿನ ಪೆರೋಲ್ ಜಡ್ಜ್‌ಗಳ ಅಧ್ಯಯನ, 2011ರದ್ದು. ಸರದಿಯ ಶುರುವಿನಲ್ಲಿ ಶೇ. 65ರಷ್ಟು ಅರ್ಜಿ ಪಾಸ್, ಬ್ರೇಕ್ ಹತ್ತಿರ ಬಂದಂತೆ ಸೊನ್ನೆಗೆ ಇಳಿಯಿತು, ಊಟ ಆದಮೇಲೆ ಮತ್ತೆ ಮೇಲೆ. ಮ್ಯಾನೇಜ್‌ಮೆಂಟ್ ಟ್ರೈನಿಂಗ್ ಅಂದರೆ ಈ ಗ್ರಾಫ್ ಇಲ್ಲದೆ ಮುಗಿಯಲ್ಲ. ಆದರೆ ವಕೀಲರಿಲ್ಲದ ಕೈದಿಗಳ ಅರ್ಜಿಗಳು ಸಾಮಾನ್ಯವಾಗಿ ಸರದಿಯ ಕೊನೆಗೇ ಬರುತ್ತಿದ್ದವು ಅಂತ ಅದೇ ವರ್ಷ ಬೇರೆಯವರು ತೋರಿಸಿದರು. ವಕೀಲ ಇಲ್ಲದವನ ಅರ್ಜಿ ಬಿದ್ದುಹೋಗುವುದಕ್ಕೆ ಜಡ್ಜ್ ಹಸಿವೇ ಕಾರಣ ಆಗಬೇಕಿಲ್ಲ ಅಲ್ವಾ?

ಟೀ_ಬ್ರೇಕ್

ಅಂದರೆ ಬನಶಂಕರಿ ಸರ್ ಸುಸ್ತು ಸುಳ್ಳು ಅಂತೀರಾ?

ಅಂಕಿಅಂಶ_ಅಣ್ಣ

ಸುಸ್ತು ನಿಜ. ಒಳಗೆ ಒಂದು ಬ್ಯಾಟರಿ ಇದೆ, ಅದು ಖಾಲಿಯಾಗುತ್ತದೆ, ಸಿಹಿ ತಿಂದರೆ ತುಂಬುತ್ತದೆ ಅನ್ನೋ ವಿವರಣೆ ಮೇಲೆ ನನಗೆ ನಂಬಿಕೆ ಇಲ್ಲ. 2014ರಲ್ಲಿ ಅಮೆರಿಕದ ಕ್ಲಿನಿಕ್‌ಗಳ ದಾಖಲೆ ನೋಡಿದ ಒಂದು ಅಧ್ಯಯನ ಬಂತು, ಶೀತ ಕೆಮ್ಮಿನ ರೋಗಿಗಳಿಗೆ ಡಾಕ್ಟರು ಆ್ಯಂಟಿಬಯೋಟಿಕ್ ಬರೆಯುವುದು ಗಂಟೆ ಕಳೆದಂತೆ ಜಾಸ್ತಿಯಾಗುತ್ತಿತ್ತು. ಬೇಡ ಅಂತ ರೋಗಿಗೆ ಕೂತು ವಿವರಿಸುವುದಕ್ಕಿಂತ ಬರೆದುಕೊಟ್ಟು ಕಳಿಸುವುದು ಸುಲಭ. ಪೀಣ್ಯ ಮೇಡಂ ಸಂಜೆಯ "ಓಕೆ"ಗೂ ಇದಕ್ಕೂ ವ್ಯತ್ಯಾಸ ಏನೂ ಇಲ್ಲ. ದಣಿದಾಗ ಮನುಷ್ಯ ಸುಲಭದ ದಾರಿ ಹಿಡಿಯುತ್ತಾನೆ. ಹಾಗಾದರೆ ಆ ಸುಲಭದ ದಾರಿಯೇ ಸರಿಯಾದ ದಾರಿ ಆಗಿರುವ ಹಾಗೆ ಮೊದಲೇ ವ್ಯವಸ್ಥೆ ಮಾಡಿಡಬೇಕು. ಕೆಂಪು ಡಬ್ಬ ಮಾಡಿದ್ದು ಅದನ್ನೇ.

ಹೆಡ್‌ಮೇಡಂ_ಹಾವೇರಿ

ಸರ್ಕಾರಿ ಹೈಸ್ಕೂಲಿನ ಮುಖ್ಯ ಶಿಕ್ಷಕಿ ನಾನು. ನಿಮ್ಮ ಹತ್ತಿರ ಅಧಿಕಾರ ಇದೆ, ಅದಕ್ಕೇ ಸುಸ್ತು. ನಮ್ಮಲ್ಲಿ ಅಧಿಕಾರ ಕಡಿಮೆ, ಜವಾಬ್ದಾರಿ ಪೂರ್ತಿ. ಮೇಲಿನ ಕಚೇರಿಯಿಂದ ವಾಟ್ಸಾಪ್ ಬರುತ್ತದೆ, "ಇಂದು ಸಂಜೆಯೊಳಗೆ ಮಾಹಿತಿ ಸಲ್ಲಿಸುವುದು". ಹೋದ ವಾರ ಕೊಟ್ಟಿದ್ದ ಮಾಹಿತಿಯೇ, ಕಾಲಂ ಮಾತ್ರ ಬೇರೆ.

ಅದಿರಲಿ. ಇಡೀ ದಿನ ನನ್ನ ಬಾಗಿಲ ಹತ್ತಿರ ಯಾರಾದರೂ ನಿಂತೇ ಇರುತ್ತಾರೆ. ಗಣಿತದ ಸರ್ ತರಬೇತಿಗೆ ಹೋಗಿದ್ದಾರೆ, ಒಂಬತ್ತನೇ ತರಗತಿಗೆ ಯಾರು ಹೋಗಬೇಕು? ಬಿಸಿಯೂಟಕ್ಕೆ ಗ್ಯಾಸ್ ಇವತ್ತಿಗೆ ಸಾಲುತ್ತದೋ ಇಲ್ಲವೋ? ಮೊಟ್ಟೆ ಬೇಡ ಅಂದ ಮಗುವಿಗೆ ಬಾಳೆಹಣ್ಣು ಕೊಡಬೇಕು, ಹಣ್ಣು ಇನ್ನೂ ಕಾಯಿ ಇದೆ, ಏನು ಮಾಡೋಣ? ಮಳೆ ಹನಿ ಬಿತ್ತು ಅಂದರೆ ಒಂದು ಹುಡುಗ ಓಡಿ ಬಂದು ಬಾಗಿಲಲ್ಲಿ ನಿಲ್ಲುತ್ತಾನೆ, "ಮೇಡಂ, ಪ್ರಾರ್ಥನೆ ಹೊರಗೋ ಒಳಗೋ?" ಅವನ ಹಿಂದೆ ಪಿಇಟಿ ಸರ್ ನಿಂತಿರುತ್ತಾರೆ. ಹುಡುಗನನ್ನು ಕಳಿಸಿದ್ದೇ ಅವರು! ಆಕಾಶ ಅವರಿಗೂ ಕಾಣುತ್ತದೆ, ಆದರೂ ಕೇಳಿಸುತ್ತಾರೆ.

ಈ ವರ್ಷ "ವಾರದ ಉಸ್ತುವಾರಿ" ಅಂತ ಮಾಡಿದ್ದೇವೆ. ಸರದಿ ಪ್ರಕಾರ ಆ ವಾರ ಒಬ್ಬ ಶಿಕ್ಷಕರು. ಪ್ರಾರ್ಥನೆ, ಬಿಸಿಯೂಟದ ತಕರಾರು, ಖಾಲಿ ಅವಧಿಗೆ ಯಾರು, ಮಗುವಿಗೆ ಜ್ವರ ಬಂದರೆ ಮನೆಗೆ ಫೋನ್, ಎಲ್ಲಾ ಅವರದೇ ತೀರ್ಮಾನ. ದುಡ್ಡಿನ ವಿಷಯ, ಪೋಷಕರ ದೂರು, ಮಗುವಿನ ಸುರಕ್ಷತೆ, ಇವು ಮಾತ್ರ ನನ್ನ ಹತ್ತಿರ. ಮೊದಲ ವಾರ ಉಸ್ತುವಾರಿಯವರೂ ಬಂದು "ಮೇಡಂ, ಹಿಂಗ್ ಮಾಡ್ಲಾ?" ಅಂತಲೇ ಕೇಳಿದರು. "ನೀವು ಹೆಂಗಂತೀರಿ ಹಂಗೆ" ಅಂದೆ. ಸ್ವಲ್ಪ ಮುಖ ಊದಿಸಿಕೊಂಡರು, ಆಮೇಲೆ ರೂಢಿ ಆಯಿತು.

ಇದರಿಂದ ಇನ್ನೊಂದಾಯಿತು. ಬೆಳಿಗ್ಗೆ ಮೊದಲ ಅವಧಿ ಈಗ ನಾನೇ ಹತ್ತನೇ ತರಗತಿಗೆ ಪಾಠ ಮಾಡುತ್ತೇನೆ.

ಕುಂದಾಪುರ_ಕಾಪಿ

ನಮ್ಮದು ಬೆಂಗಳೂರಲ್ಲಿ ದರ್ಶಿನಿ. ಸೋಮವಾರದಿಂದ ಭಾನುವಾರದ ತನಕ ಇವತ್ತಿನ ಸ್ಪೆಷಲ್ ಏನು ಅಂತ ಬೋರ್ಡ್ ಯಾಕೆ ಇರುತ್ತದೆ ಅಂದುಕೊಂಡಿರಿ? ಗಿರಾಕಿಗೆ ಅನುಕೂಲ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅದು ಅಡುಗೆ ಭಟ್ರಿಗೂ ನನಗೂ ಅನುಕೂಲ ಮಾರಾಯ್ರೆ. ನಾಳೆ ಏನು ಮಾಡೋದು ಅಂತ ರಾತ್ರಿ ಹತ್ತು ಗಂಟೆಗೆ ಯೋಚನೆ ಮಾಡುವ ಕೆಲಸ ಇಲ್ಲ, ತರಕಾರಿ ಪಟ್ಟಿ ತನ್ನಷ್ಟಕ್ಕೆ ಹೋಗುತ್ತದೆ.

ಆದರೆ ನಾನು ಹೇಳಬೇಕಂದಿದ್ದು ಬೇರೆ. ಮೇಲಿನವರು ಎಲ್ಲ ಸೇರಿ ನಿಯಮ, ಬೋರ್ಡ್, ಡಬ್ಬ ಅಂತ ಹೇಳಿದಿರಿ. ಸರಿ. ನಿಯಮ ಇದ್ದರೂ ಹುಡುಗರು ಯಾಕೆ ಬಂದು ಕೇಳುತ್ತಾರೆ ಗೊತ್ತಾ? ಬೈಗುಳ ತಪ್ಪಿಸಿಕೊಳ್ಳೋಕೆ. ಓನರ್ ಹತ್ತಿರ ಕೇಳಿ ಮಾಡಿದ್ದು ಅಂದರೆ ಆಯಿತು, ಆಮೇಲೆ ಏನಾದರೂ ಓನರ್ ತಲೆ ಮೇಲೆ.

ನಮ್ಮಲ್ಲಿ ಸಾಂಬಾರ್ ವಿಷಯ ಹೀಗೇ ಇತ್ತು. ಬೇಸಿಗೆಯಲ್ಲಿ ಮಧ್ಯಾಹ್ನದ ಮೇಲೆ ಒಂದೊಂದು ಸಲ ವಾಸನೆ ತಿರುಗುತ್ತದೆ. ಚೆಲ್ಲೋದಾ, ಇಡೋದಾ? ಪಾತ್ರೆ ತುಂಬ ಇರುವ ಸಾಂಬಾರ್ ಚೆಲ್ಲಿದರೆ ಸಾವಿರಾರು ರೂಪಾಯಿ ಹೋಯಿತು. ಒಬ್ಬನೂ ತಾನಾಗಿ ಚೆಲ್ಲುತ್ತಿರಲಿಲ್ಲ. ಒಂದು ಸೌಟು ತಂದು ನನ್ನ ಮೂಗಿನ ಹತ್ತಿರ ಹಿಡಿಯುತ್ತಿದ್ದರು. ನಾನು ಕ್ಯಾಶಿನಲ್ಲಿ ಕೂತಿದ್ದರೂ ಸರಿ, ಫೋನಲ್ಲಿದ್ದರೂ ಸರಿ. ಕೊನೆಗೆ ಹೇಳಿದೆ, ಅನುಮಾನ ಬಂತಾ, ಚೆಲ್ಲು. ಯಾರ ಸಂಬಳದಲ್ಲೂ ಹಿಡಿಯುವುದಿಲ್ಲ, ಯಾಕೆ ಚೆಲ್ಲಿದೆ ಅಂತ ಕೇಳುವುದೂ ಇಲ್ಲ. ಆದರೂ ನಂಬಲಿಲ್ಲ ನೋಡಿ. ಒಂದು ದಿನ ಒಬ್ಬ ಚೆಲ್ಲಿದ, ನಾನು ಏನೂ ಅನ್ನಲಿಲ್ಲ. ಅದನ್ನ ಎಲ್ಲರೂ ನೋಡಿದರು. ಆವತ್ತಿಂದ ಸೌಟು ಬರುವುದು ನಿಂತಿತು.

ಗಿರಾಕಿ ತಕರಾರೂ ಹಾಗೇ. 500 ರೂಪಾಯಿ ಒಳಗೆ ಕ್ಯಾಶಿಯರೇ ವಾಪಸ್ ಕೊಡಬಹುದು. ಪುಸ್ತಕದಲ್ಲಿ ಒಂದು ಸಾಲು ಬರೆದಿಟ್ಟರೆ ಸಾಕು.

ಬನಶಂಕರಿಯವರೇ, ನಿಮ್ಮ ಎಂಟುನೂರು ರೂಪಾಯಿ ನಿಮ್ಮ ತನಕ ಬರುತ್ತದೆ ಅಂದರೆ ಆ ಹುಡುಗನಿಗೆ ಹಿಂದೆ ಯಾವತ್ತೋ ಯಾರೋ ಚೆನ್ನಾಗಿ ಬಾರಿಸಿದ್ದಾರೆ ಅಂತ ಅರ್ಥ.

ಬನಶಂಕರಿ_ಬಸ್

ಕಾಪಿಯವರು ಹೇಳಿದ್ದು ನಾಟಿತು. ವಿಚಾರಿಸಿದೆ. ಸಪೋರ್ಟ್ ಟೀಮಿನಲ್ಲಿ ಹಿಂದಿನ ಮ್ಯಾನೇಜರ್ ಕಾಲದಲ್ಲಿ ಒಬ್ಬಳು ತಾನೇ ರೀಫಂಡ್ ಮಾಡಿದ್ದಕ್ಕೆ ಎಲ್ಲರನ್ನೂ ಸಿಸಿ ಹಾಕಿ ಮೇಲ್ ಬಂದಿತ್ತಂತೆ. ಅವಳು ಕಂಪನಿ ಬಿಟ್ಟು ಹೋಗಿ ಎಷ್ಟೋ ಕಾಲ ಆಗಿದೆ. ಮೇಲ್ ಮಾತ್ರ ಈಗಲೂ ಎಲ್ಲರ ಬಾಯಲ್ಲಿ ಇದೆ.

ಆದರೆ ಒಂದು ಅನುಮಾನ. ಸಾಂಬಾರ್ ಚೆಲ್ಲಿದರೆ ಒಂದು ಪಾತ್ರೆ ಹೋಯಿತು. ನಮ್ಮಲ್ಲಿ ಒಬ್ಬ ಹುಡುಗ ಡೇಟಾಬೇಸ್‌ನಲ್ಲಿ ತಪ್ಪು ಕಾಲಂ ಅಳಿಸಿದರೆ? ಎಲ್ಲವನ್ನೂ ಹೀಗೆ ಬಿಟ್ಟುಕೊಡೋಕೆ ಆಗುತ್ತದಾ?

ಜಯನಗರ_ಜಾವಾ

ಎಲ್ಲವನ್ನೂ ಯಾರು ಬಿಡಿ ಅಂದರು? ಅಮೆಜಾನ್‌ನ ಜೆಫ್ ಬೆಜೋಸ್ 2015ನೇ ಸಾಲಿನ ಷೇರುದಾರರ ಪತ್ರದಲ್ಲಿ ಇದನ್ನ ಚೆನ್ನಾಗಿ ಬರೆದಿದ್ದಾರೆ. ಹೋದರೆ ವಾಪಸ್ ಬರೋಕೆ ಆಗದ ಬಾಗಿಲು ಕೆಲವು, ಎರಡೂ ಕಡೆ ತೆರೆಯುವ ಬಾಗಿಲು ಮಿಕ್ಕವು. ಮೊದಲನೇದಕ್ಕೆ ನಿಧಾನ ಬೇಕು, ಎರಡನೇದನ್ನ ಸಣ್ಣ ಗುಂಪು ಬೇಗ ತೀರ್ಮಾನ ಮಾಡಲಿ ಅಂತ. ಕಂಪನಿ ದೊಡ್ಡದಾದಂತೆ ಎಲ್ಲದಕ್ಕೂ ಮೊದಲನೇ ತರದ ಪೂಜೆ ಶುರುವಾಗುತ್ತದೆ ಅನ್ನೋದು ಅವರ ದೂರು.

ನಮ್ಮ ಕೆಲಸದಲ್ಲಿ ಇದು ಇನ್ನೂ ಸುಲಭ. ವಾಪಸ್ ಬರಲಾಗದ್ದನ್ನ ವಾಪಸ್ ಬರುವಂತೆ ಮಾಡಬಹುದು. ಫೀಚರ್ ಫ್ಲ್ಯಾಗ್ (ಹೊಸ ಸೌಲಭ್ಯ ಆನ್ ಆಫ್ ಮಾಡುವ ಸ್ವಿಚ್) ಹಾಕಿ, ರೋಲ್‌ಬ್ಯಾಕ್ (ಹಳೇ ಆವೃತ್ತಿಗೆ ವಾಪಸ್ ಹೋಗೋದು) ಒಂದು ಬಟನ್ ಆಗಲಿ, ಮೊದಲು ನೂರಕ್ಕೆ ಒಬ್ಬ ಬಳಕೆದಾರನಿಗೆ ಬಿಡಿ. ಕಾಲಂ ಅಳಿಸುವ ಮೊದಲು ಬ್ಯಾಕಪ್ ತೆಗೆದು, ಅದನ್ನ ಒಮ್ಮೆ ರಿಸ್ಟೋರ್ ಮಾಡಿ ನೋಡಿದ್ದೇವೆ ಅಂತ ಇದ್ದರೆ ಯಾರ ಅಪ್ಪಣೆ ಬೇಕು? ರಿಲೀಸ್ ಬಿಡಬೇಕಾ ಬೇಡವಾ ಅಂತ ಸಂಜೆ ನಾಲ್ಕಕ್ಕೆ ನಿಮ್ಮ ಹತ್ತಿರ ಬರುವುದು ನಿಮ್ಮ ತಲೆ ಚುರುಕು ಅಂತಲ್ಲ, ನಿಮ್ಮ ರೋಲ್‌ಬ್ಯಾಕ್ ಕೆಟ್ಟದಾಗಿದೆ ಅಂತ. ಸ್ವಲ್ಪ ಖಾರವಾಗಿ ಹೇಳಿದೆ, ಬೇಜಾರಾಗಬೇಡಿ.

ಮತ್ತೆ ಶುಕ್ರವಾರ ಸಂಜೆ ರಿಲೀಸ್ ಇಲ್ಲ ಅಂತ ಒಂದು ನಿಯಮ. ಚರ್ಚೆಯೇ ಬೇಡ.

ಬಿಡದಿ_ಶಿಫ್ಟ್

ಕಾರು ತಯಾರಿಕೆಯ ಲೈನಿನಲ್ಲಿ ಆಂಡನ್ ಹಗ್ಗ ಅಂತ ಇರುತ್ತದೆ, ಟೊಯೋಟಾದಿಂದ ಬಂದ ಪದ್ಧತಿ. ಏನಾದರೂ ಸರಿ ಇಲ್ಲ ಅನ್ನಿಸಿದರೆ ಸಾಮಾನ್ಯ ಕೆಲಸಗಾರನೇ ಎಳೆಯುತ್ತಾನೆ. ಎಳೆದ ತಕ್ಷಣ ಲೈನ್ ನಿಲ್ಲುವುದಿಲ್ಲ, ಮೊದಲು ಟೀಮ್ ಲೀಡರ್ ಓಡಿ ಬರುತ್ತಾನೆ. ಗಾಡಿ ಆ ಸ್ಟೇಷನ್ ದಾಟುವುದರೊಳಗೆ ಸರಿ ಆದರೆ ಸರಿ, ಇಲ್ಲದಿದ್ದರೆ ಮಾತ್ರ ನಿಲ್ಲುತ್ತದೆ. ನಿಲ್ಲಿಸಬೇಕಾ ಬೇಡವಾ ಅಂತ ಮ್ಯಾನೇಜರ್‌ಗೆ ಫೋನ್ ಮಾಡಿ ಕೇಳುವ ಪ್ರಶ್ನೆಯೇ ಇಲ್ಲ.

ಕುಂದಾಪುರದವರು ಹೇಳಿದ ಮಾತು ಇಲ್ಲೂ ನಿಜ. ಎಳೆದವನನ್ನ ಒಮ್ಮೆ ಗದರಿಸಿದರೆ ಮುಗೀತು, ಆಮೇಲೆ ಹಗ್ಗ ಇದ್ದೂ ಇಲ್ಲದ ಹಾಗೆ.

ನಿವೃತ್ತ_ಗುಮಾಸ್ತ

ಸರ್ಕಾರಿ ಕಚೇರಿಯಲ್ಲಿ ಕಡತ ಹೊತ್ತು ನಿವೃತ್ತನಾದವನು ನಾನು. ನಿಮ್ಮ ಸುಸ್ತಿಗೆ ನಮ್ಮಲ್ಲಿ ಒಂದು ಒಕ್ಕಣೆಯೇ ಇದೆ, "ಚರ್ಚಿಸಿ". ಸಂಜೆ ಮೇಲೆ ಸಾಹೇಬರ ಟೇಬಲ್‌ನಿಂದ ಇಳಿದು ಬಂದ ಕಡತಗಳನ್ನು ತೆಗೆದರೆ ಹಸಿರು ಇಂಕಿನಲ್ಲಿ ಬರೀ ಅದೇ ಇರುತ್ತಿತ್ತು. ಚರ್ಚಿಸಲು ಯಾರಿಗೂ ಪುರುಸೊತ್ತಿಲ್ಲ. ಕಡತ ಮತ್ತೆ ಮೇಲೆ ಹೋಗುತ್ತದೆ, ಮತ್ತೆ ಇಳಿಯುತ್ತದೆ.

ತಪ್ಪು ಸಾಹೇಬರದ್ದೊಂದೇ ಅಲ್ಲ. ಕೆಳಗಿನಿಂದ ಟಿಪ್ಪಣಿ ಹೇಗೆ ಹೋಗುತ್ತಿತ್ತು ಅಂದರೆ, ನಾಲ್ಕು ಪುಟ ಹಿನ್ನೆಲೆ, ನಿಯಮಗಳ ಉಲ್ಲೇಖ, ಕೊನೆಯಲ್ಲಿ "ಸೂಕ್ತ ಆದೇಶಕ್ಕಾಗಿ ಮಂಡಿಸಿದೆ". ಸೂಕ್ತ ಯಾವುದು ಅಂತ ಬರೆಯುವುದಿಲ್ಲ. ಬರೆದರೆ ನಾಳೆ ಆಡಿಟ್‌ನಲ್ಲೋ ಇಲಾಖಾ ವಿಚಾರಣೆಯಲ್ಲೋ "ಇದನ್ನು ಶಿಫಾರಸು ಮಾಡಿದವರು ಯಾರು" ಅಂತ ಹೆಸರು ಬರುತ್ತದೆ.

ಒಬ್ಬ ಅಧಿಕಾರಿ ಬಂದಿದ್ದರು, ಹೆಸರು ಬೇಡ. ಕಡತದ ಕೊನೆಯಲ್ಲಿ ವಿಷಯ ನಿರ್ವಾಹಕನ, ಅಂದರೆ ಆ ಕಡತ ನೋಡಿಕೊಳ್ಳುವ ಗುಮಾಸ್ತನ, ಸ್ವಂತ ಅಭಿಪ್ರಾಯ ಇಲ್ಲದಿದ್ದರೆ ಓದದೆ ವಾಪಸ್ ಕಳಿಸುತ್ತಿದ್ದರು. ಅಭಿಪ್ರಾಯ ಇದ್ದರೆ, ಒಪ್ಪಿದರೆ ಸಹಿ, ಒಪ್ಪದಿದ್ದರೆ ಯಾಕೆ ಅಂತ ತಮ್ಮ ಕೈಯಾರೆ ಒಂದು ಸಾಲು ಬರೆಯುತ್ತಿದ್ದರು. ಆ ಒಂದು ಸಾಲಿನಿಂದ ನಾವು ಕಲಿತಿದ್ದು ಯಾವ ತರಬೇತಿಯಲ್ಲೂ ಕಲಿಯಲಿಲ್ಲ. ಮುಂದಿನ ಸಲ ಅದೇ ತರದ ವಿಷಯ ಬಂದರೆ ಅವರು ಏನು ಬರೆಯುತ್ತಾರೆ ಅಂತ ನಮಗೇ ಗೊತ್ತಿರುತ್ತಿತ್ತು.

ಸಕಾಲ ಕಾಯ್ದೆ 2011ರದ್ದು. ಪ್ರತಿ ಸೇವೆಗೂ ಇಷ್ಟು ದಿನ ಅಂತ ಗಡುವು, ಮೀರಿದರೆ ಅರ್ಜಿದಾರನಿಗೆ ದಿನಕ್ಕೆ 20 ರೂಪಾಯಿ, ಗರಿಷ್ಠ 500 ಪರಿಹಾರ. ದುಡ್ಡು ಸಣ್ಣದು ಅಂತ ನಕ್ಕವರಿದ್ದಾರೆ. ಆದರೆ ಗಡುವು ಅಂತ ಒಂದು ಬಂದಿದ್ದರಿಂದ ಯಾವ ಕಡತ ಮೊದಲು ತೆಗೆಯಬೇಕು ಅನ್ನುವ ಪ್ರಶ್ನೆ ಎಷ್ಟೋ ಟೇಬಲ್‌ಗಳಲ್ಲಿ ತಾನಾಗಿ ಹೋಯಿತು.

ಕೊನೆಗೆ ಒಂದು ಕಹಿ ಮಾತು, ವಯಸ್ಸಾದವನು ಅಂತ ಸಹಿಸಿಕೊಳ್ಳಿ. ಎಲ್ಲರೂ ತಮ್ಮನ್ನು ಕೇಳಲಿ ಅಂತ ಬಯಸುವ ಸಾಹೇಬರನ್ನು ಬಹಳ ನೋಡಿದ್ದೇನೆ. ಬಾಗಿಲ ಮುಂದೆ ಜನ ನಿಂತಿದ್ದರೆ ಅದೊಂದು ಘನತೆ. ಬಾಯಲ್ಲಿ ಸುಸ್ತು ಅಂತಾರೆ, ಒಂದು ದಿನ ಯಾರೂ ಬರದಿದ್ದರೆ ಜವಾನನನ್ನು ಕರೆದು ವಿಚಾರಿಸುತ್ತಾರೆ.

ಬನಶಂಕರಿ_ಬಸ್

ಹಿರಿಯರೇ, ಆ ಮಾತು ಕೆಲವರಿಗೆ ಸರಿ ಇರಬಹುದು. ನನಗೆ ಬಾಗಿಲ ಮುಂದೆ ಜನ ಬೇಡ ಸ್ವಾಮಿ, ಇದ್ದ ಬಾಗಿಲನ್ನೂ ಕಂಪನಿ ಓಪನ್ ಆಫೀಸ್ ಅಂತ ಕಿತ್ತುಹಾಕಿದೆ!

ಆದರೆ ನನ್ನ ತೊಡಕು ಮೇಲಿನಿಂದ. ನಾನು ಕೆಳಗಿನವರಿಗೆ "ನೀವೇ ಮಾಡಿ, ಏನಾದರೂ ಆದರೆ ನಾನಿದ್ದೇನೆ" ಅನ್ನಬಹುದು. ನನ್ನ ಡೈರೆಕ್ಟರ್ ನನ್ನನ್ನು ಕೇಳುವ ಮೊದಲ ಪ್ರಶ್ನೆಯೇ "ನೀನು ಚೆಕ್ ಮಾಡಲಿಲ್ವಾ?" ಅಂತ. ಆ ಪ್ರಶ್ನೆ ಇರುವ ತನಕ ನಾನು ಎಲ್ಲವನ್ನೂ ಚೆಕ್ ಮಾಡುತ್ತಲೇ ಇರುತ್ತೇನೆ ಅಲ್ವಾ?

ಅಂಕಿಅಂಶ_ಅಣ್ಣ

ಹೌದು. ಇಸ್ರೋ ಕಥೆ ಎಲ್ಲರಿಗೂ ಗೊತ್ತು, ಆದರೂ ಇಲ್ಲಿ ಸರಿಯಾಗಿ ಕೂರುತ್ತದೆ. 1979ರ ಆಗಸ್ಟ್ 10, ಉಪಗ್ರಹ ಹಾರಿಸುವ ರಾಕೆಟ್ ಎಸ್‌ಎಲ್‌ವಿ-3ರ ಮೊದಲ ಉಡಾವಣೆ. ಕಂಪ್ಯೂಟರ್ ತಡೆದು ನಿಲ್ಲಿಸಿತು. ಕಲಾಂ ಮಿಷನ್ ಡೈರೆಕ್ಟರ್. ಜೊತೆಗಿದ್ದ ತಜ್ಞರನ್ನ ಕೇಳಿ, ಕಂಪ್ಯೂಟರನ್ನ ಬದಿಗಿಟ್ಟು ಹಾರಿಸಿದರು. ರಾಕೆಟ್ ಬಂಗಾಳ ಕೊಲ್ಲಿಗೆ ಬಿತ್ತು. ಪತ್ರಕರ್ತರ ಮುಂದೆ ಕೂತವರು ಅಧ್ಯಕ್ಷ ಸತೀಶ್ ಧವನ್, ನಮ್ಮ ಬೆಂಗಳೂರಿನ ಐಐಎಸ್‌ಸಿ ನಿರ್ದೇಶಕರೂ ಅವರೇ. ಸೋಲಿನ ಹೊಣೆ ತಾವೇ ಹೊತ್ತರು. 1980ರ ಜುಲೈ 18ಕ್ಕೆ ಗೆದ್ದಾಗ ಪತ್ರಿಕಾಗೋಷ್ಠಿಗೆ ಕಲಾಂ ಅವರನ್ನ ಕಳಿಸಿದರು. ಕಲಾಂ ಇದನ್ನ ಎಷ್ಟೋ ಕಡೆ ಹೇಳಿಕೊಂಡಿದ್ದಾರೆ.

ಜನ ಇದನ್ನ ದೊಡ್ಡತನ ಅಂತ ಹೊಗಳಿ ಬಿಡುತ್ತಾರೆ. ನನಗೆ ಕಾಣುವುದು ಬೇರೆ. ಕೌಂಟ್‌ಡೌನ್ ಮಧ್ಯೆ ಕಂಪ್ಯೂಟರ್ ತಡೆದಾಗ ತೀರ್ಮಾನ ತೆಗೆದುಕೊಳ್ಳುವುದು ಮಿಷನ್ ಡೈರೆಕ್ಟರ್ ಕೆಲಸ ಅಂತ ಮೊದಲೇ ಖಚಿತವಾಗಿತ್ತು. ತೀರ್ಮಾನ ತಪ್ಪಾಯಿತು, ಆಮೇಲೂ ಆ ಅಧಿಕಾರ ಅವರ ಕೈಯಿಂದ ಹೋಗಲಿಲ್ಲ.

ಪೀಣ್ಯ_ಫ್ಲೋರ್

ಧವನ್ ತರದ ಬಾಸ್ ಎಲ್ಲರಿಗೂ ಎಲ್ಲಿ ಸಿಗುತ್ತಾರೆ ಸರ್. ನಾನು ಶೇಡ್ ಬ್ಯಾಂಡ್ ಹಾಕುವಾಗ ಪ್ರೊಡಕ್ಷನ್ ಮ್ಯಾನೇಜರ್ ಒಪ್ಪಿರಲಿಲ್ಲ, "ಸೂಪರ್‌ವೈಸರ್‌ಗಳಿಗೆ ಏನು ಗೊತ್ತಾಗುತ್ತದೆ" ಅಂದರು. ಒಂದೇ ಲೈನಿಗೆ, ಒಂದೇ ಸ್ಟೈಲ್‌ಗೆ ಹಾಕುತ್ತೇನೆ, ಆ ಆರ್ಡರ್ ಮುಗಿದ ಮೇಲೆ ಆಲ್ಟರ್ (ಮತ್ತೆ ಸರಿ ಮಾಡಬೇಕಾದ ಪೀಸ್) ಎಷ್ಟು ಬಂತು ನೋಡಿ ಅಂದೆ. ಬಾಯಲ್ಲಿ ಹೇಳಲಿಲ್ಲ, ಒಂದು ಹಾಳೆಯಲ್ಲಿ ಬರೆದು ಅವರ ಸಹಿ ತಗೊಂಡೆ. ಬಾಯಿಮಾತು ಶಿಪ್‌ಮೆಂಟ್ ದಿನ ಯಾರಿಗೂ ನೆನಪಿರುವುದಿಲ್ಲ. ನೀವೂ ರೀಫಂಡ್ ಒಂದನ್ನೇ ಹಿಡಿದು ಮಿತಿ ಬರೆದು ಡೈರೆಕ್ಟರ್‌ಗೆ ಮೇಲ್ ಹಾಕಿ.

ಸನಿವೇಲ್_ಸುಬ್ಬ

ಆ ಒಂಬತ್ತೂವರೆ ಕಾಲ್‌ನ ಇನ್ನೊಂದು ತುದಿಯಲ್ಲಿ ಕೂತಿರುವವನು ನಾನು. ಬೇಸಿಗೆಯಲ್ಲಿ ನಮಗೆ ಆಗ ಬೆಳಿಗ್ಗೆ 9. ಕಾಫಿ ಕುಡಿದು ಫ್ರೆಶ್ ಆಗಿ ಬಂದಿರುತ್ತೇವೆ. ನೀವು ಹನ್ನೆರಡು ಗಂಟೆ ದುಡಿದು, ಟ್ರಾಫಿಕ್‌ನಲ್ಲಿ ಬೆಂದು, ಊಟ ಮಾಡದೆ ಕೂತಿರುತ್ತೀರಿ. ಇಂತಹ ಹೊತ್ತಲ್ಲಿ ನಾವು "ತಿಂಗಳ ಕೊನೆಗೆ ಆಗುತ್ತದಾ?" ಅಂತ ಕೇಳುತ್ತೇವೆ, ನೀವು ಆಗುತ್ತದೆ ಅಂತೀರಿ. ಎರಡು ದಿನ ಬಿಟ್ಟು ಮೇಲ್ ಬರುತ್ತದೆ, ಆಗಲ್ಲ ಅಂತ. ಇಲ್ಲಿ ಇದನ್ನ ಸುಸ್ತು ಅಂತ ಯಾರೂ ಅರ್ಥ ಮಾಡಿಕೊಳ್ಳುವುದಿಲ್ಲ, ಬೆಂಗಳೂರಿನವರು ಮಾತಿಗೆ ನಿಲ್ಲುವುದಿಲ್ಲ ಅಂತ ಅಂದುಕೊಳ್ಳುತ್ತಾರೆ. ನನಗೇ ಬೇಜಾರಾಗುತ್ತದೆ.

ನಮ್ಮ ಬೆಂಗಳೂರು ಲೀಡ್ ಒಬ್ಬರು ಈ ವರ್ಷ ಒಂದು ಕಟ್ಟಳೆ ಮಾಡಿದರು. ರಾತ್ರಿ ಕಾಲ್‌ನಲ್ಲಿ ಕೇಳಿಸಿಕೊಳ್ಳುತ್ತೇನೆ, ಅನುಮಾನ ಕೇಳುತ್ತೇನೆ, ಆದರೆ ತಾರೀಖು, ಜನ, ದುಡ್ಡು, ಈ ಮೂರಕ್ಕೆ ಉತ್ತರ ನನ್ನ ಬೆಳಿಗ್ಗೆ ಹನ್ನೊಂದರೊಳಗೆ ಬರಹದಲ್ಲಿ ಕೊಡುತ್ತೇನೆ ಅಂತ. ನಾವು ಏಳುವಷ್ಟರಲ್ಲಿ ಉತ್ತರ ಇರುತ್ತದೆ. ನಮಗೆ ಒಂದು ದಿನವೂ ತಡ ಆಗಲಿಲ್ಲ, ನಾವು ಆ ಹೊತ್ತಿನಲ್ಲಿ ಮಲಗಿರುತ್ತೇವೆ ಅಷ್ಟೇ! ಇಲ್ಲಿ ಒಬ್ಬರೂ ತಕರಾರು ಮಾಡಲಿಲ್ಲ. ಕೇಳಿ ನೋಡಿ, ಸಂಕೋಚ ಬೇಡ.

ವಾರ್ಡ್_ಸಿಸ್ಟರ್_ಮಂಗಳೂರು

ಆಸ್ಪತ್ರೆಯಲ್ಲಿ ಸ್ಟ್ಯಾಂಡಿಂಗ್ ಆರ್ಡರ್ ಅಂತ ಇರುತ್ತದೆ. ಜ್ವರ ಇಷ್ಟು ದಾಟಿದರೆ ಈ ಮಾತ್ರೆ, ಬಿಪಿ ಇಷ್ಟಕ್ಕಿಂತ ಇಳಿದರೆ ಡಾಕ್ಟರನ್ನು ಎಬ್ಬಿಸಿ. ರಾತ್ರಿ ಮೂರಕ್ಕೆ ಎಬ್ಬಿಸಲಾ ಬೇಡವಾ ಅಂತ ಹೊಸ ಸಿಸ್ಟರ್ ಯೋಚಿಸುತ್ತಾ ಕೂರಬಾರದು, ಅದಕ್ಕೆ ಅದು.

ಒಂದು ಎಚ್ಚರಿಕೆ ಮಾತ್ರ. ಪಟ್ಟಿ ಇದೆ ಅಂತ ಕಣ್ಣು ಮುಚ್ಚಬಾರದು. ನಂಬರ್ ಎಲ್ಲಾ ಸರಿ ಇದ್ದೂ ರೋಗಿ ಸರಿ ಕಾಣುತ್ತಿಲ್ಲ ಅನ್ನಿಸಿದರೆ ಎಬ್ಬಿಸಬಹುದು ಅಂತ ನಮ್ಮ ಪಟ್ಟಿಯ ಕೊನೆಯ ಸಾಲಿನಲ್ಲಿದೆ. ಆ ಸಾಲು ಇಲ್ಲದಿದ್ದರೆ ನಿಯಮವೇ ಅಪಾಯ.

ಬನಶಂಕರಿ_ಬಸ್

ಅಪ್‌ಡೇಟ್ ಕೊಡುತ್ತೇನೆ. ರೀಫಂಡ್ ಮಿತಿ 2000 ರೂಪಾಯಿ ಅಂತ ಬರೆದು ಡೈರೆಕ್ಟರ್‌ಗೆ ಮೇಲ್ ಹಾಕಿದೆ, ಮೂರು ತಿಂಗಳ ಪ್ರಯೋಗ ಅಂತ. ಒಪ್ಪಿದರು, ಆಶ್ಚರ್ಯ. ರಜೆ ಮತ್ತು ಕ್ಯಾಬ್ ಇಬ್ಬರು ಲೀಡ್‌ಗಳಿಗೆ ಹೋಯಿತು. ಪುಲ್ ರಿಕ್ವೆಸ್ಟ್ ಜಗಳಕ್ಕೆ ಗುಮಾಸ್ತರ ಪದ್ಧತಿ, ಇಬ್ಬರೂ ತಮ್ಮ ಅಭಿಪ್ರಾಯ ಐದು ಸಾಲಿನಲ್ಲಿ ಬರೆದು ತರಬೇಕು. ಬರೆಯುವ ಹೊತ್ತಿಗೆ ಅರ್ಧ ಜಗಳ ತಾನೇ ಮುಗಿದಿರುತ್ತದೆ. ರಾತ್ರಿ ಕಾಲ್ ವಿಷಯ ಮಾತ್ರ ಡೈರೆಕ್ಟರ್ ಒಪ್ಪಲಿಲ್ಲ, "ಕ್ಲೈಂಟ್ ಮುಂದೆ ಹಿಂಜರಿದ ಹಾಗೆ ಕಾಣುತ್ತದೆ" ಅಂದರು. ಸುಬ್ಬ ಅವರೇ, ನಿಮ್ಮ ಕಡೆಯಿಂದಲೇ ಯಾರಾದರೂ ಹೇಳಿದರೆ ಕೇಳುತ್ತಾರೇನೋ.

ಹೊಸಬ_ಹುಬ್ಬಳ್ಳಿ

ತಡವಾಗಿ ಬಂದೆ, ಒಂದು ಪ್ರಶ್ನೆ. ಈ ತರ ಮಿತಿ ಕೊಟ್ಟ ಮೇಲೆ ಯಾರಾದರೂ ದುರುಪಯೋಗ ಮಾಡಿಕೊಂಡರೆ? ಕುಂದಾಪುರ ಕಾಪಿಯವರ ಕ್ಯಾಶಿಯರ್ ದಿನಾ 500 ಒಳಗೆ ವಾಪಸ್ ಕೊಟ್ಟೆ ಅಂತ ಬರೆದು ಜೇಬಿಗೆ ಹಾಕಿಕೊಂಡರೆ?

ಕುಂದಾಪುರ_ಕಾಪಿ

ಆಗಿದೆ ಮಾರಾಯ್ರೆ, ಆಗದೆ ಇರುತ್ತದಾ. ಪುಸ್ತಕವನ್ನ ಭಾನುವಾರ ರಾತ್ರಿ ಒಮ್ಮೆ ನೋಡುತ್ತೇನೆ, ಬಿಡಿಬಿಡಿಯಾಗಿ ಅಲ್ಲ, ವಾರದ್ದು ಒಟ್ಟಿಗೆ. ಒಬ್ಬನ ಶಿಫ್ಟಿನಲ್ಲಿ ಮಾತ್ರ ದಿನಾ ಮಸಾಲೆ ದೋಸೆ ವಾಪಸ್, ಅದೂ ಗಲ್ಲಾ ಲೆಕ್ಕ ಮುಗಿಸುವ ಹತ್ತು ನಿಮಿಷ ಮೊದಲು. ದೋಸೆ ಭಟ್ರನ್ನ ಕೇಳಿದರೆ ಒಂದೂ ವಾಪಸ್ ಬಂದಿಲ್ಲ ಅಂದರು. ಅವನನ್ನ ಕ್ಯಾಶಿನಿಂದ ಎಬ್ಬಿಸಿ ಪಾರ್ಸೆಲ್ ಕಟ್ಟಲು ಹಾಕಿದೆ. ಮಿತಿ 500 ಹಾಗೇ ಇದೆ. ಅವನೊಬ್ಬನಿಗೋಸ್ಕರ ಉಳಿದವರೆಲ್ಲ ಮತ್ತೆ ನನ್ನ ಹತ್ತಿರ ಸೌಟು ಹಿಡಿದು ಬರೋದು ನನಗೆ ಬೇಡ.